ಕರ್ನಲ್ ಕಟ್ಟಲು ಕಲಿಸಿದ ಕಲಾವತಿ ಮೇಡಂ

ಕಂಪ್ಯೂಟರ್ ಶಿಕ್ಷಣವೆಂದರೆ ಪರದೆಯ ಮೇಲಿನ ಚಿತ್ರಗಳನ್ನು ಒತ್ತುವುದನ್ನು ಕಲಿಯುವುದಷ್ಟೇ ಎಂದು ಬಹುಮಂದಿ ನಂಬಿದ್ದ ದಿನಗಳಲ್ಲಿ, ಆ ಚಿತ್ರಗಳ ಹಿಂದೆ ಅಡಗಿದ್ದು ಇಡೀ ಯಂತ್ರವನ್ನು ಆಳುವ ಕರ್ನಲ್ ಎಂಬ ತಿರುಳನ್ನು ವಿದ್ಯಾರ್ಥಿನಿಯರು ತಮ್ಮ ಕೈಯಾರೆ ಕಟ್ಟಬೇಕೆಂದು ಹಟ ಹಿಡಿದು, ಆ ಹಟವನ್ನೇ ಒಂದು ಪಾಠಕ್ರಮವಾಗಿ ಬೆಳೆಸಿದ ವಿರಳ ಅಧ್ಯಾಪಕರ ಸಾಲಿನಲ್ಲಿ ನಮ್ಮ ಪೂಜ್ಯ ಗುರುಗಳಾದ ಶ್ರೀಮತಿ ಬಿ. ಎಂ. ಕಲಾವತಿಯವರದು ಗೌರವದ ಸ್ಥಾನ. ಉತ್ತರ ಬೆಂಗಳೂರಿನ ಡಿಪ್ಲೊಮಾ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ವಿಷಯವನ್ನು ಬೋಧಿಸಿದವರು ಅನೇಕರಿದ್ದಾರೆ. ಆ ವಿಷಯದ ಹೆದರಿಕೆಯನ್ನು ಬಿಡಿಸಿದವರು ಇವರು. ಈ ವರ್ಷ, ಅಂದರೆ 2019ರಲ್ಲಿ, ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ಹೊರಬರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಲೇಖನ ಬರೆಯುವ ಭಾಗ್ಯ, ಅವರ ಶಿಷ್ಯೆಯರಲ್ಲಿ ಒಬ್ಬಳಾದ ಸಬೀರಾ ಎಂಬ ನನಗೆ ದೊರೆತಿದೆ. ಹುಟ್ಟಿನಿಂದ ಕಣ್ಣು ಕಾಣದ ನಾನು ಅವರ ಮುಖವನ್ನು ಕಂಡವಳಲ್ಲ. ಅವರ ಗುಣವನ್ನು ಬಲ್ಲವಳೆಂದು ಮಾತ್ರ ಧೈರ್ಯದಿಂದ ಹೇಳಬಲ್ಲೆ.

ಮೇಡಂ ಹುಟ್ಟಿ ಬೆಳೆದದ್ದು ಬ್ಯಾಟರಾಯನಪುರದಲ್ಲಿ. ಊರು ನಗರವಾಗುವ ಮೊದಲೇ ಅಲ್ಲಿ ನೆಲೆಸಿದ್ದ ಮನೆತನ ಅವರದು. ತಂದೆ ದಿವಂಗತ ಮುನಿಆಂಜಿನಪ್ಪನವರು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ತಾಯಿ ಮುನಿನಾರಾಯಣಮ್ಮನವರು ಇಂದಿಗೂ ಗಟ್ಟಿಯಾಗಿದ್ದು ಮನೆಗೆ ಬಂದವರನ್ನು ಊಟ ಮಾಡಿಸದೆ ಕಳುಹಿಸುವುದಿಲ್ಲ. ಆ ಬೀದಿಯಿಂದ ಎಂಜಿನಿಯರಿಂಗ್ ಓದಿದ ಮೊದಲ ಹೆಣ್ಣುಮಗಳು ಕಲಾವತಿಯವರು. ಬೇರೆ ಬೇರೆ ಕಡೆ ಪಾಠ ಹೇಳಿ, 2008ರಲ್ಲಿ ಯಲಹಂಕದಿಂದ ಬಾಗಲೂರಿಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಮಹಿಳಾ ಪಾಲಿಟೆಕ್ನಿಕ್‌ಗೆ ಬಂದರು. ಹೊಸ ವಿಮಾನ ನಿಲ್ದಾಣ ತೆರೆದ ವರ್ಷ ಅದು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಪಾಠ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ವಾಕ್ಯವನ್ನು ಮುಂದುವರಿಸುತ್ತಿದ್ದರೆಂದು ಅಂದಿನ ವಿದ್ಯಾರ್ಥಿನಿಯರು ನೆನೆಯುತ್ತಾರೆ.

ಬಂದ ವರ್ಷವೇ ಅವರು ಕರ್ನಲ್ ಕಟ್ಟುವ ಪ್ರಯೋಗವನ್ನು ಅಂತಿಮ ವರ್ಷದ ಲ್ಯಾಬಿಗೆ ತಂದರು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕರ್ನಲ್ ಯಾರು ಬೇಕಾದರೂ ಪಡೆದು, ಓದಿ, ತಮಗೆ ತಕ್ಕಂತೆ ಕಟ್ಟಿಕೊಳ್ಳಬಹುದಾದ ತೆರೆದ ಸೊತ್ತು. ಆದರೆ ಕಟ್ಟುವ ಮೊದಲು ಅದು ಕಟ್ಟುವವರನ್ನು ಸಾವಿರಾರು ಪ್ರಶ್ನೆ ಕೇಳುತ್ತದೆ: ಈ ಬಗೆಯ ಡಿಸ್ಕ್ ನಿನ್ನ ಯಂತ್ರದಲ್ಲಿ ಇದೆಯೇ, ಈ ಜಾಲದ ಸೌಲಭ್ಯ ಬೇಕೇ, ಧ್ವನಿ ಬೇಕೇ? ಪ್ರತಿ ಭಾಗವನ್ನೂ ಕರ್ನಲ್‌ನೊಳಗೇ ಹೆಣೆಯಬಹುದು, ಹೊರಗಿಟ್ಟು ಬೇಕಾದಾಗ ಕರೆಸಿಕೊಳ್ಳಬಹುದು, ಇಲ್ಲವೇ ಬೇಡವೆನ್ನಬಹುದು. ಹುಡುಗಿಯರು ಮದುವೆಮನೆಯ ಎಲೆಯ ಮುಂದೆ ಕೂತವರಂತೆ ಬಡಿಸಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದರು.

"ಎಲ್ಲಾ ಬೇಕು ಅಂದ್ರೆ ಏನೂ ಯೋಚನೆ ಮಾಡಿಲ್ಲ ಅಂತ ಅರ್ಥ ಕಣ್ರೇ," ಎನ್ನುತ್ತಿದ್ದರು ಮೇಡಂ. "ಮಿಷನ್ ಯಾವ್ದು, ಯಾರ್ಗೆ, ಏನ್ ಕೆಲ್ಸಕ್ಕೆ? ಅದನ್ನ ತಿಳ್ಕೊಂಡು ಆಮೇಲೆ ಬೆರಳು ಇಡಿ."

ಮೊದಲ ತಂಡದವರು ಕಟ್ಟಿದ ಕರ್ನಲ್‌ಗಳಲ್ಲಿ ಹೆಚ್ಚಿನವು ಏಳಲೇ ಇಲ್ಲ, ಅಂದರೆ ಅವುಗಳಿಂದ ಯಂತ್ರ ಚಾಲೂ ಆಗಲಿಲ್ಲ. ಇನ್‌ಸ್ಪೆಕ್ಷನ್ ಹತ್ತಿರವಿದ್ದಾಗ ಲ್ಯಾಬಿನ ಯಂತ್ರಗಳು ಕಪ್ಪು ಪರದೆ ಹೊತ್ತು ಕೂತದ್ದನ್ನು ಕಂಡು ನಮ್ಮ ವಿಭಾಗದ ಮುಖ್ಯಸ್ಥರಾದ ಶ್ರೀ ರಘುನಾಥ್ ಅವರು ಕಂಗಾಲಾದರಂತೆ. ಹೊರಗಿನಿಂದ ಮೆಕ್ಯಾನಿಕ್ ಕರೆಸುವ ಮಾತು ಬಂದಾಗ ಮೇಡಂ ಒಪ್ಪದೆ, ಕೆಡಿಸಿದ ಹುಡುಗಿಯರ ಕೈಯಲ್ಲೇ ಒಂದೊಂದನ್ನೂ ಸರಿಮಾಡಿಸಿದರಂತೆ. ಆ ತಂಡದವರಲ್ಲಿ ಒಬ್ಬರಾದ ಶಿಲ್ಪ ಇಂದು ನಮ್ಮ ಕಾಲೇಜಿನಲ್ಲೇ ಉಪನ್ಯಾಸಕಿ. ಈ ಸಂಪುಟದ ಸಂಪಾದಕಿಯೂ ಅವರೇ.

ನಾನು ಕಾಲೇಜಿಗೆ ಬಂದದ್ದು 2011ರಲ್ಲಿ. ಆರ್.ಟಿ. ನಗರದಲ್ಲಿ ನಮ್ಮ ಮನೆ. ತಂದೆ ನಜೀರ್ ಅವರದು ಸೋಫಾ ಹೊಲಿಯುವ ಅಂಗಡಿ. ದೃಷ್ಟಿಯಿಲ್ಲದ ಮಕ್ಕಳ ಕನ್ನಡ ಮಾಧ್ಯಮದ ವಸತಿಶಾಲೆಯಲ್ಲಿ ಓದಿ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಬಳಸಲು ಕಲಿತಿದ್ದೆ. ಪ್ರವೇಶದ ದಿನ ರಘುನಾಥ್ ಸರ್ ತುಂಬ ಮೃದುವಾಗಿ, ಈ ವಿಭಾಗ ನಿನಗೆ ಕಷ್ಟವಾದೀತೆಂದು ತಿಳಿಹೇಳುತ್ತಿದ್ದರು. ಪಕ್ಕದಿಂದ ಒಂದು ಹೆಣ್ಣು ದನಿ ಕೇಳಿತು.

"ಟೈಪಿಂಗ್ ಬರುತ್ತೇನಮ್ಮಾ?"

"ಬರುತ್ತೆ, ಮೇಡಂ."

"ಇಲ್ಲಿ ಸೇರೋರಲ್ಲಿ ಎಷ್ಟೋ ಜನಕ್ಕೆ ಅದೂ ಬರಲ್ಲ. ಸೇರ್ಕೊ."

ಆ ದನಿ ಕಲಾವತಿ ಮೇಡಂ ಅವರದು. ಅವರ ಉಪಕಾರಗಳು ಸದ್ದು ಮಾಡುತ್ತಿರಲಿಲ್ಲ. ಬೋರ್ಡಿನ ಮುಂದೆ ನಿಂತು, ಇದು ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಎಂದು ಕೈತೋರಿಸಿ ಹೇಳುವ ಅಭ್ಯಾಸ ಅಧ್ಯಾಪಕರಲ್ಲಿ ಸಾಮಾನ್ಯ. ನಾನು ತರಗತಿಗೆ ಬಂದ ಮೇಲೆ ಮೇಡಂ ಇದು, ಅದು ಎಂಬ ಮಾತುಗಳನ್ನೇ ಬಿಟ್ಟು, ಬರೆದ ಪ್ರತಿಯೊಂದನ್ನೂ ಹೆಸರಿಟ್ಟು ಹೇಳತೊಡಗಿದರು. ನನಗಾಗಿ ಎಂದು ಅವರು ಎಂದೂ ಹೇಳಲಿಲ್ಲ. ಹಿಂದಿನ ಬೆಂಚಿನ ಗೆಳತಿಯರು, ಈಗ ಮೇಡಂ ಪಾಠ ಚೆನ್ನಾಗಿ ಅರ್ಥವಾಗುತ್ತಿದೆಯಲ್ಲ ಎಂದು ಮಾತಾಡಿಕೊಂಡಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು.

ನಿಜವಾದ ತೊಡಕು ಎದುರಾದದ್ದು ಅಂತಿಮ ವರ್ಷದಲ್ಲಿ, ಕರ್ನಲ್ ಲ್ಯಾಬಿನಲ್ಲಿ. ಆ ಪ್ರಶ್ನೆಗಳಿಗೆ ಎಲ್ಲರೂ ಉತ್ತರಿಸುತ್ತಿದ್ದ ಪರದೆ ಗೆರೆ, ಚೌಕಗಳಿಂದ ತುಂಬಿದ್ದು, ನನ್ನ ಓದುವ ತಂತ್ರಾಂಶ ಅದನ್ನು ತೊದಲಿ ತೊದಲಿ ಕೈಬಿಡುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಆ ತಂತ್ರಾಂಶ ಬಾಯಿ ತೆರೆಯುವುದು ಇಡೀ ಯಂತ್ರ ಎದ್ದು ನಿಂತ ಮೇಲೆ. ಹೊಸ ಕರ್ನಲ್ ಏಳುವಾಗ ಎಡವಿದರೆ, ಕಣ್ಣಿದ್ದವರಿಗೆ ಪರದೆಯ ಮೇಲೆ ಕಾರಣ ಕಾಣುತ್ತದೆ. ನನಗೆ ಉಳಿಯುವುದು ಫ್ಯಾನಿನ ಸದ್ದು ಮಾತ್ರ.

ನಿಯಮದಂತೆ ನನಗೆ ಆ ಪ್ರಾಯೋಗಿಕ ಪರೀಕ್ಷೆಯಿಂದ ವಿನಾಯಿತಿ ಕೊಡಿಸಬಹುದೆಂದು ರಘುನಾಥ್ ಸರ್ ಹೇಳಿದರು. ಉಳಿದ ವಿಷಯಗಳ ಸರಾಸರಿ ಅಂಕ ಬರುತ್ತದೆ. ಅಂಕಪಟ್ಟಿಯಲ್ಲಿ ವಿನಾಯಿತಿ ಎಂದು ನಮೂದಾಗುತ್ತದೆ. ನನ್ನ ತಂದೆಯನ್ನು ಕರೆಸಿ ಮಾತಾಡಿದ್ದೂ ಆಯಿತು.

"ಪಾಸಾದ್ರೆ ಸಾಕು ಮೇಡಂ," ಎಂದರು ಅಬ್ಬಾ. "ಇಲ್ಲೀ ತನ್ಕ ಬಂದಿದ್ದೇ ದೊಡ್ದು. ಸುಮ್ನೆ ಯಾಕೆ ಮಗೂಗೆ ತೊಂದ್ರೆ?"

ಮೇಡಂ ಅವರಿಗೆ ಉತ್ತರಿಸದೆ ನನ್ನ ಕಡೆ ತಿರುಗಿದರು. "ನಿಂಗೇನ್ ಅನ್ಸುತ್ತೆ ಸಬೀರಾ? ವಿನಾಯ್ತಿ ತಗೊಂಡ್ರೆ ತಪ್ಪಲ್ಲ. ಅದು ನಿನ್ನ ಹಕ್ಕು. ಮಾಡ್ತೀನಿ ಅಂದ್ರೆ ಅದೂ ನಿನ್ನ ಹಕ್ಕೇ."

"ಮಾಡ್ತೀನಿ," ಎಂದೆ.

ಪಣದಲ್ಲಿದ್ದುದು ನನ್ನ ಅಂಕವೊಂದೇ ಆಗಿರಲಿಲ್ಲ. ಬಾಗಲೂರಿನ ಸುಮಾ ಎಂಬ ಹುಡುಗಿ, ಅವಳಿಗೂ ದೃಷ್ಟಿ ಅತ್ಯಲ್ಪ, ಮುಂದಿನ ಸಾಲಿಗೆ ಇದೇ ವಿಭಾಗಕ್ಕೆ ಅರ್ಜಿ ಹಾಕುವವಳಿದ್ದಳು. ಮೊದಲು ಸಬೀರಾಳ ಪರೀಕ್ಷೆ ಹೇಗಾಗುತ್ತದೋ ನೋಡಿ ತೀರ್ಮಾನಿಸೋಣವೆಂದು ಆಡಳಿತದವರು ಹೇಳಿದ್ದರು. ಇದನ್ನು ಮೇಡಂ ನನಗೆ ತಿಳಿಸಲೇ ಇಲ್ಲ. ನಾನು ಆಫೀಸಿನ ಕಿಟಕಿಯಾಚೆ ನಿಂತಿದ್ದಾಗ ಕಿವಿಗೆ ಬಿತ್ತು. ಕಣ್ಣಿಲ್ಲದವರ ಎದುರು ಗುಟ್ಟಾಗಿ ಮಾತಾಡುವುದು ಸುಲಭವೆಂದು ಜನ ಯಾಕೆ ತಿಳಿಯುತ್ತಾರೋ!

ಮೊದಲ ಕೆಲವು ವಾರ ಮೇಡಂ ನನ್ನ ಪಕ್ಕದಲ್ಲಿ ಕುಳಿತು ಪರದೆಯನ್ನು ತಾವೇ ಓದಿ ಹೇಳುತ್ತಿದ್ದರು. ನಾನು ಹೇಳಿದ ಉತ್ತರವನ್ನು ತಾವೇ ಒತ್ತುತ್ತಿದ್ದರು. ಕೆಲಸ ಸಾಗುತ್ತಿತ್ತು, ಕರ್ನಲ್ ಏಳುತ್ತಲೂ ಇತ್ತು. ಆದರೂ ನನಗೆ ಒಂದು ಬಗೆಯ ಬೇಸರ. ಕೊನೆಗೊಂದು ದಿನ ಬಾಯಿಬಿಟ್ಟು ಹೇಳಿಯೇಬಿಟ್ಟೆ: "ಮೇಡಂ, ಇದು ನೀವ್ ಕಟ್ತಾ ಇರೋದು. ನಾನ್ ಪಕ್ಕದಲ್ಲಿ ಕೂತಿದೀನಿ, ಅಷ್ಟೆ."

ತಪ್ಪಾಗಿ ಮಾತಾಡಿದೆನೇನೋ ಎಂದು ನನಗೆ ಭಯವಾಯಿತು.

"ಹೌದಲ್ವಾ," ಎಂದರು ಆಮೇಲೆ. "ಇದನ್ನ ನಾನೇ ಯೋಚ್ನೆ ಮಾಡ್ಬೇಕಿತ್ತು. ಸ್ವಲ್ಪ ಟೈಮ್ ಕೊಡು ನಂಗೆ."

ಶಿಷ್ಯೆಯೊಬ್ಬಳಿಂದ ಇಂಥ ಮಾತು ಕೇಳಿ, ಮುನಿಸಿಕೊಳ್ಳದೆ, ತಮ್ಮ ದಾರಿಯನ್ನೇ ಬದಲಿಸಿಕೊಂಡ ಗುರುಗಳು ಎಷ್ಟು ಜನ ಸಿಕ್ಕಾರು? ಮುಂದಿನ ದಿನಗಳಲ್ಲಿ ಅವರು ಎರಡು ಕೆಲಸ ಮಾಡಿದರು. ಚೌಕಗಳ ಪರದೆಯನ್ನು ಬದಿಗಿಟ್ಟು, ಪ್ರಶ್ನೆಗಳನ್ನು ಸಾಲಾಗಿ ಒಂದೊಂದೇ ಕೇಳುವ ಹಳೆಯ ವಿಧಾನವನ್ನು ಹುಡುಕಿದರು. ಎಲ್ಲ ಪ್ರಶ್ನೆಗಳನ್ನೂ ಹಾಯುವ ಬದಲು, ಓಡುತ್ತಿರುವ ಯಂತ್ರದ ಉತ್ತರಗಳನ್ನೇ ಮೊದಲು ನಕಲು ಮಾಡಿಕೊಂಡು, ಬೇಕಾದ ಸಾಲುಗಳನ್ನಷ್ಟೇ ಬದಲಿಸುವುದನ್ನು ಕಲಿಸಿದರು. ಇವೆಲ್ಲ ಸಾದಾ ಅಕ್ಷರಗಳಾದ್ದರಿಂದ ನನ್ನ ತಂತ್ರಾಂಶಕ್ಕೆ ನೀರು ಕುಡಿದಷ್ಟು ಸುಲಭ. ಎರಡನೆಯದು, ಮಾತಾಡುವ ಡಬ್ಬಿ.

ಕರ್ನಲ್‌ನ ಸಾವಿರಾರು ಭಾಗಗಳ ನಡುವೆ, ಪರದೆಯ ಮೇಲೆ ಬರುವ ಅಕ್ಷರಗಳನ್ನು ಕೂಡಲೇ ಒಂದು ಧ್ವನಿಯಂತ್ರಕ್ಕೆ ಕಳಿಸುವ ಭಾಗವೂ ಇದೆಯೆಂದು ಅವರು ಪತ್ತೆ ಮಾಡಿದರು. ಅದನ್ನು ಹೊರಗಿಡದೆ ಒಳಗೇ ಹೆಣೆದುಬಿಟ್ಟರೆ, ಯಂತ್ರ ಕಣ್ಣುಜ್ಜಿಕೊಂಡು ಏಳುವಾಗಿನಿಂದಲೇ ಮಾತು ಶುರುವಾಗುತ್ತದೆ. ಬೇಕಾಗಿದ್ದ ಧ್ವನಿಯಂತ್ರ, ಅದೇ ಆ ಡಬ್ಬಿ, ದೃಷ್ಟಿಯಿಲ್ಲದವರ ಸಂಸ್ಥೆಯೊಂದರ ಸ್ಟೋರಿನಲ್ಲಿ ಧೂಳು ಹಿಡಿದು ಬಿದ್ದಿತ್ತು. ಹೇಗೋ ಕೇಳಿ ಪಡೆದರು. ಅದರ ಹಳೇ ಕಾಲದ ಕೇಬಲ್ಲಿಗೆ ನಮ್ಮ ಲ್ಯಾಬಿನ ಹೊಸ ಯಂತ್ರಗಳಲ್ಲಿ ಜಾಗವಿರಲಿಲ್ಲ. ತಮ್ಮ ಮನೆಯ ಹಳೆಯ ಕಂಪ್ಯೂಟರನ್ನೇ ಮೀಸಲಿಟ್ಟರು. ಹಾಗಾಗಿ ರಜೆಯ ದಿನಗಳಲ್ಲಿ ನನ್ನ ಅಭ್ಯಾಸ ಬ್ಯಾಟರಾಯನಪುರದ ಅವರ ನಡುಮನೆಯಲ್ಲಿ ನಡೆಯಿತು.

ಡಬ್ಬಿಯ ದನಿ ನೆಗಡಿ ಹಿಡಿದ ಗಂಡಸಿನದು; ಇಂಗ್ಲಿಷ್ ಅಕ್ಷರಗಳನ್ನು ಉಸಿರು ಬಿಡದೆ ಒದರುತ್ತಿತ್ತು. ಮೊದಲ ದಿನ ಮುನಿನಾರಾಯಣಮ್ಮನವರು ಅಡುಗೆಮನೆಯಿಂದ ಓಡಿಬಂದರು.

"ಏನೇ ಕಲಾ, ಯಾರ್ನ ಇಂಗೆ ಬಯ್ತಾ ಐತೆ ಇದು?"

"ಬಯ್ತಿಲ್ಲಮ್ಮಾ. ಕರ್ನಲ್ ಮಾತಾಡ್ತಾ ಇದೆ."

"ಕರ್ನಲ್ಲಾ? ಮಿಲಿಟ್ರಿಯೋರಾ? ಕಾಪಿ ಕೊಡ್ಲಾ?"

ಮೇಡಂ ನಕ್ಕದ್ದನ್ನು ಅಂದೇ ನಾನು ಮೊದಲು ಕೇಳಿದ್ದು. ತರಗತಿಯಲ್ಲಿ ಎಂದೂ ನಗದ ಅವರು ಆ ದಿನ ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕರು. ಅಜ್ಜಿ ಮಾತ್ರ ಬಿಸಿ ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿ ನನ್ನ ಕೈಗಿಟ್ಟು, "ತಿನ್ನವ್ವ, ಅದು ಒದರ್ಕಂಡ್ ಒದರ್ಕಂಡ್ ಅದ್ರ ಪಾಡ್ಗೆ ಇರ್ಲಿ," ಎಂದರು. ಆ ಮನೆಯಲ್ಲಿ ನಾನು ಎಷ್ಟು ಕರ್ನಲ್ ಕೆಡಿಸಿದೆನೋ ಲೆಕ್ಕವಿಲ್ಲ. ಕೆಟ್ಟಾಗಲೆಲ್ಲ ಮೇಡಂ ಕೇಳುತ್ತಿದ್ದುದು ಒಂದೇ: "ಏನ್ ಹೇಳ್ತು?" ನಾನು ಕೇಳಿಸಿಕೊಂಡದ್ದನ್ನು ಹೇಳಬೇಕು; ಅದರಿಂದ ಕಾರಣವನ್ನು ನಾನೇ ಕಂಡುಕೊಳ್ಳಬೇಕು. ಕೀಲಿಮಣೆಯ ಮೇಲೆ ಅವರ ಬೆರಳು ಮತ್ತೆಂದೂ ಬರಲಿಲ್ಲ.

2014ರ ಬೇಸಿಗೆಯಲ್ಲಿ ಪರೀಕ್ಷೆ ಬಂತು. ಡಬ್ಬಿಯೂ ಹಳೆಯ ಕಂಪ್ಯೂಟರೂ ಆಟೋ ಹತ್ತಿ ಕಾಲೇಜಿಗೆ ಬಂದವು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಡಿಮೆ ಮಾತಿನವರು. ಚೀಟಿಯಲ್ಲಿ ನನಗೆ ಬಂದ ಕೆಲಸ, ಮುಂದಿರುವ ಯಂತ್ರಕ್ಕೆ ಬೇಕಾದಷ್ಟೇ ಭಾಗಗಳಿರುವ ಚಿಕ್ಕ ಕರ್ನಲ್ ಕಟ್ಟಿ, ಅದು ಬೇರೆ ನೆರವಿಲ್ಲದೆ ತಾನಾಗಿ ಏಳುವಂತೆ ಮಾಡಿ ತೋರಿಸುವುದು. ಬೆಳಿಗ್ಗೆ ಉತ್ತರಗಳನ್ನು ಸಿದ್ಧಪಡಿಸಿ ಕಟ್ಟಲು ಹಚ್ಚಿದೆ. ಬೇಡದ್ದನ್ನೆಲ್ಲ ಕಿತ್ತುಹಾಕುವ ಹುಮ್ಮಸ್ಸು ನನ್ನಲ್ಲಿ ಜೋರಾಗಿತ್ತು.

ಮಧ್ಯಾಹ್ನ ಎಲ್ಲರ ಎದುರು ಹೊಸ ಕರ್ನಲ್ ಏರಿಸಿದೆ. ಡಬ್ಬಿ ಮಾತಾಡತೊಡಗಿತು. ಮೆಮೊರಿ ಎಂದಿತು, ಕೀಲಿಮಣೆ ಎಂದಿತು. ಆಮೇಲೆ, "ವೇಟಿಂಗ್ ಫಾರ್ ರೂಟ್ ಡಿವೈಸ್" ಎಂದು ಹೇಳಿ ಸುಮ್ಮನಾಯಿತು.

ಕಾದೆ. ಮತ್ತೆ ಮಾತಿಲ್ಲ. ಯಂತ್ರ ತನ್ನ ಡಿಸ್ಕ್ ಕಾಣದೆ ಕಾಯುತ್ತ ನಿಂತಿತ್ತು. ಬೆನ್ನ ಹಿಂದೆ ಯಾರೋ ಪಾಪ ಎಂದರು. ಆಫೀಸಿನ ಕಿಟಕಿಯಾಚೆ ಕೇಳಿದ ಸುಮಾಳ ಹೆಸರು ಆ ಹೊತ್ತಿನಲ್ಲೇ ನೆನಪಿಗೆ ಬರಬೇಕೇ?

"ಸಾಕು ಬಿಡಿ ಸರ್," ಎಂದರು ರಘುನಾಥ್ ಸರ್ ಪರೀಕ್ಷಕರಿಗೆ. ಅವರ ದನಿಯಲ್ಲಿದ್ದುದು ಕರುಣೆಯೇ. "ಇಷ್ಟ್ ಮಾಡಿದ್ದೇ ಹೆಚ್ಚು. ವೈವಾ ತಗೊಂಡ್ ಮುಗಿಸೋಣ."

"ಅವಳು ಸಾಕು ಅಂದಿಲ್ಲ ಸರ್," ಎಂದರು ಕಲಾವತಿ ಮೇಡಂ.

ಪರೀಕ್ಷೆಯಲ್ಲಿ ಅವರು ನನಗೆ ಏನನ್ನೂ ಹೇಳುವಂತಿರಲಿಲ್ಲ, ಹೇಳಲೂ ಇಲ್ಲ. ಅವರು ಎಲ್ಲಿ ನಿಂತಿದ್ದಾರೆಂಬುದು ಮಾತ್ರ ಆ ಒಂದು ಮಾತಿನಿಂದ ನನಗೆ ತಿಳಿಯಿತು. ನಡುಮನೆಯಲ್ಲಿ ಅವರು ಕೇಳುತ್ತಿದ್ದುದನ್ನೇ ನನಗೆ ನಾನು ಕೇಳಿಕೊಂಡೆ: ಏನು ಹೇಳಿತು? ಡಿಸ್ಕ್‌ಗಾಗಿ ಕಾಯುತ್ತಿದ್ದೇನೆ ಎಂದಿತು. ಡಿಸ್ಕ್ ಇದೆ, ಹಾಗಾದರೆ ಅದನ್ನು ಓದುವ ಭಾಗ ಇಲ್ಲ. ಅದನ್ನು ಒಳಗೆ ಹೆಣೆಯುವ ಬದಲು ಹೊರಗಿಟ್ಟಿದ್ದೆ. ಹೊರಗೆಂದರೆ ಎಲ್ಲಿ? ಅದೇ ಡಿಸ್ಕಿನ ಮೇಲೆ! ಕೋಣೆಯ ಬೀಗದ ಕೈಯನ್ನು ಕೋಣೆಯೊಳಗೇ ಇಟ್ಟು ಬೀಗ ಹಾಕಿದಂತೆ.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಬೀಪ್ ಸದ್ದು ಕೇಳಿದ ಕೂಡಲೇ ಕೆಳಬಾಣ ಒತ್ತಿ, ಯಂತ್ರದಲ್ಲಿ ಮೊದಲೇ ಇದ್ದ ಹಳೆಯ ಕರ್ನಲ್ ಆರಿಸಿಕೊಂಡೆ. ಆ ಒಂದು ಸಾಲನ್ನು ಹುಡುಕಿ ಉತ್ತರ ತಿದ್ದಿದೆ. ಬದಲಾದ ಭಾಗವನ್ನಷ್ಟೇ ಮತ್ತೆ ಕಟ್ಟಬೇಕಿದ್ದುದರಿಂದ ಕೆಲಸ ಬೇಗ ಮುಗಿಯಿತು. ಲ್ಯಾಬಿನಲ್ಲಿ ಯಾರೂ ಮಿಸುಕಾಡಲಿಲ್ಲ; ಬಾಗಲೂರು ರಸ್ತೆಯ ಲಾರಿಗಳ ಹಾರ್ನ್ ಮಾತ್ರ ಕೇಳುತ್ತಿತ್ತು. ಮತ್ತೆ ಏರಿಸಿದೆ. ಡಬ್ಬಿ ತನ್ನ ನೆಗಡಿ ದನಿಯಲ್ಲಿ ಮೆಮೊರಿ ಎಂದಿತು, ಕೀಲಿಮಣೆ ಎಂದಿತು, ಡಿಸ್ಕಿನ ಹೆಸರು ಹೇಳಿತು, ನಿಲ್ಲದೆ ಮುಂದಕ್ಕೆ ಒದರುತ್ತ ಹೋಗಿ ಕೊನೆಗೆ "ಲಾಗಿನ್" ಎಂದಿತು. ಅಷ್ಟು ಸುಂದರವಾದ ಗಂಡುದನಿಯನ್ನು ನಾನು ಮತ್ತೆ ಕೇಳಿಲ್ಲ.

"ತಪ್ಪು ಎಲ್ಲಾಗಿದೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು ಪರೀಕ್ಷಕರು.

"ಅದೇ ಹೇಳ್ತಲ್ಲಾ ಸರ್."

ಹೊರಗೆ ಅಬ್ಬಾ ಕಾಯುತ್ತಿದ್ದರು. ಏನಾಯಿತೆಂದು ಕೇಳಿದರು. ಒಂದು ಸಲ ಕೆಟ್ಟಿತು, ಸರಿಮಾಡಿದೆ ಎಂದೆ. "ಯಾರು ಹೇಳ್ಕೊಟ್ರು?" ಎಂದರು. ಯಾರೂ ಇಲ್ಲ ಎಂದಾಗ ಅವರು ನನ್ನ ಕೈಯನ್ನು ಹೆಬ್ಬಾಳ ದಾಟುವವರೆಗೂ ಬಿಡಲಿಲ್ಲ. ಮರುದಿನದಿಂದ ಅಂಗಡಿಗೆ ಸೋಫಾ ತಂದವರಿಗೆಲ್ಲ ಕರ್ನಲ್ ಎಂದರೇನೆಂಬ ವಿವರಣೆ ಪುಕ್ಕಟೆಯಾಗಿ ದೊರೆಯತೊಡಗಿತು.

ಫಲಿತಾಂಶದ ದಿನ ಮೇಡಂ ಫೋನ್ ಮಾಡಿದರು. ಪಾಸಾದ ಸುದ್ದಿಯನ್ನು ನಾನು ಆಗಲೇ ತಿಳಿದಿದ್ದೆ. ಅವರ ದನಿ ಹಿಗ್ಗಿದ್ದುದಕ್ಕೆ ಕಾರಣ ಬೇರೆಯಿತ್ತು.

"ಮಾರ್ಕ್ಸ್ ಕಟ್ ಮಾಡಿದಾರೆ ಕಣೇ ಸಬೀರಾ! ಮೊದಲ್ನೇ ಸಲ ಏಳ್ಲಿಲ್ಲ ಅಂತ ಕಟ್ ಮಾಡಿದಾರೆ. ಎಲ್ಲಾರ್ಗೂ ಮಾಡೋ ಹಂಗೇ!"

ಆ ಸಂತೋಷ ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಇಂದಿನವರೆಗೂ ಕಡಿಮೆಯಾಗಿಲ್ಲ. ನನ್ನ ಅಂಕಪಟ್ಟಿಯಲ್ಲಿ ಕರುಣೆಯ ಅಂಕ ಒಂದೂ ಇಲ್ಲ.

ಆ ವರ್ಷವೇ ಸುಮಾಳಿಗೆ ಪ್ರವೇಶ ದೊರೆಯಿತು. ಶಿಫಾರಸನ್ನು ಬರೆದವರು ರಘುನಾಥ್ ಸರ್ ಎಂಬುದನ್ನು ಇಲ್ಲಿ ಸಂತೋಷದಿಂದ ದಾಖಲಿಸುತ್ತೇನೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮೇಡಂ ಆಮೇಲೆ ಇಡೀ ಲ್ಯಾಬಿಗೆ ಒಂದೇ ಮಾದರಿ ಕರ್ನಲ್ ಸಿದ್ಧಪಡಿಸಿದಾಗ, ಡಬ್ಬಿಯ ಕೇಬಲ್ ಸಿಕ್ಕಿಸುವ ಕಾರ್ಡನ್ನೂ ಹಾಕಿಸಿ, ಮಾತಾಡುವ ಭಾಗವನ್ನು ಪ್ರತಿಯೊಂದು ಯಂತ್ರದಲ್ಲೂ ಒಳಗೇ ಹೆಣೆಸಿದರು. ಬೇಕಾದವರು ಬಂದಾಗ ಸೇರಿಸಿದರಾಯಿತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಬಂದೋರು ಕೇಳ್ಬೇಕಾಗ್ಬಾರ್ದು," ಎಂದರಂತೆ. ಶಿಲ್ಪ ಅವರು ಈ ಮಾತನ್ನು ಇಂದಿಗೂ ಹೊಸ ಉಪನ್ಯಾಸಕರಿಗೆ ಹೇಳುತ್ತಾರೆ. ನಾನು ಈಗ ಹೆಬ್ಬಾಳದ ಕಂಪನಿಯೊಂದರಲ್ಲಿ, ಸಣ್ಣ ಯಂತ್ರಗಳಿಗೆ ಕರ್ನಲ್ ಸಿದ್ಧಪಡಿಸುವ ತಂಡದಲ್ಲಿದ್ದೇನೆ. ಸುಮಾ ಕೆಂಪಾಪುರದಲ್ಲಿ ಕೆಲಸಕ್ಕಿದ್ದಾಳೆ. ನಮ್ಮಂಥವರು ಇನ್ನೂ ಹಲವರು ಆ ಲ್ಯಾಬಿನಿಂದ ಹೊರಬಂದಿದ್ದಾರೆ, ಬರುತ್ತಲೂ ಇದ್ದಾರೆ.

ನಿವೃತ್ತಿಯ ಮಾತೆತ್ತಿದರೆ ಮೇಡಂ ಬೇಗ ವಿಷಯ ಬದಲಿಸುತ್ತಾರೆ, ಏಕೆಂದರೆ ಅವರು ಆಗಲೇ ಹೊಸ ಕೆಲಸಕ್ಕೆ ಕೈಹಾಕಿದ್ದಾರೆ. ಕರ್ನಲ್ ಕೇಳುವ ಪ್ರತಿ ಪ್ರಶ್ನೆಯ ಜೊತೆಗೂ ಇಂಗ್ಲಿಷಿನಲ್ಲಿ ಪುಟ್ಟ ವಿವರಣೆಯೊಂದು ಇರುತ್ತದೆ. ಅವನ್ನು ಕನ್ನಡಕ್ಕೆ ತರುತ್ತಿದ್ದಾರೆ. ಎಷ್ಟೋ ವಿವರಣೆಗಳ ಕೊನೆಯಲ್ಲಿ, ಸಂಶಯವಿದ್ದರೆ ಬೇಡ ಎನ್ನಿ, ಎಂಬ ಒಂದು ಸಾಲು ಬರುತ್ತದೆ. ಮೇಡಂ ಅದನ್ನು ಹೀಗೆ ಬರೆದಿದ್ದಾರೆ: "ತಿಳಿಯದಿದ್ದರೆ ಸದ್ಯಕ್ಕೆ ಬೇಡ ಎನ್ನಿ, ತಿಳಿದುಕೊಂಡು ಮತ್ತೆ ಬನ್ನಿ." ಮೂಲದಲ್ಲಿಲ್ಲದ ಆ ಕೊನೆಯ ಮಾತು ಅವರ ಸ್ವಂತದ್ದು. ತಿದ್ದಬೇಕೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ.

ಕರ್ನಲ್‌ನ ಒಂದೊಂದು ಹೊಸ ಆವೃತ್ತಿ ಬಂದಾಗಲೂ ಪ್ರಶ್ನೆಗಳ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ. ಆ ಕೆಲಸಕ್ಕೆ ಮುಕ್ತಾಯವೆಂಬುದಿಲ್ಲ. ಅಂಥ ಕೆಲಸವನ್ನೇ ಆರಿಸಿಕೊಂಡಿರುವ ನಮ್ಮ ಗುರುಗಳಿಗೆ, ಕಟ್ಟಕಡೆಯ ಪ್ರಶ್ನೆಯೂ ಕನ್ನಡದಲ್ಲಿ ಕೇಳಿಬರುವ ತನಕ ಆಯುಷ್ಯ, ಆರೋಗ್ಯ, ನೆಮ್ಮದಿಗಳು ತುಂಬಿರಲೆಂದು ಅವರ ಎಲ್ಲ ಶಿಷ್ಯೆಯರ ಪರವಾಗಿ ಹಾರೈಸುತ್ತೇನೆ.